ಅಪ್ಪನಿಗೆ ‘ತಪ್ಪು’ ಎಂದ ಭಾನುವಾರ

ನಾನಿನ್ನೂ ಚಿಕ್ಕವನಿದ್ದಾಗ, ಅಜ್ಜಂಪುರದ ನಮ್ಮ ಮನೆಯಲ್ಲಿ ಅಪ್ಪನ ಮಾತಿಗೆ ಯಾರೂ ‘ತಪ್ಪು’ ಎನ್ನುತ್ತಿರಲಿಲ್ಲ. ಹಾಗೆಂದು ಅಪ್ಪ ಹೊಡೆಯುವವರೋ ಬೈಯುವವರೋ ಅಲ್ಲ. ಸಾರಿಗೆ ಉಪ್ಪು ಜಾಸ್ತಿಯಾದ ದಿನವೂ ಅಮ್ಮನ ಮುಖ ನೋಡಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ ಮನುಷ್ಯ. ಆದರೂ ಅದೊಂದು ಪದ್ಧತಿ. ಅಪ್ಪ ಮಂಗಳವಾರವನ್ನು ಬುಧವಾರ ಎಂದರೆ ಅಮ್ಮ ‘ಹೂಂ’ ಎಂದುಬಿಟ್ಟು, ಆಮೇಲೆ ಕ್ಯಾಲೆಂಡರಿನ ಮುಂದೆ ಸುಮ್ಮನೆ ಓಡಾಡುತ್ತಿದ್ದಳು, ಅವರೇ ನೋಡಿಕೊಳ್ಳಲಿ ಅಂತ. ಈ ಪದ್ಧತಿಯಿಂದ ಯಾರಿಗೆ ಏನು ಲಾಭ ಎಂಬುದು ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಆಗಿಲ್ಲ.

ಅಪ್ಪ ತರೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ದಿನವಿಡೀ ಸಾಹೇಬರು ಮೇಜಿನ ಗಂಟೆ ಬಾರಿಸಿದಾಗಲೆಲ್ಲ ಎದ್ದು ಓಡುವುದು, ಫೈಲು ಹೊರುವುದು. ಆ ವರ್ಷ ಜವಾನರು ಗುಮಾಸ್ತರಾಗಲು ಒಂದು ಪರೀಕ್ಷೆ ಇತ್ತು. ವಯಸ್ಸಿನ ಮಿತಿಯಿಂದಾಗಿ ಅದಕ್ಕೆ ಕೂರಲು ಅಪ್ಪನಿಗೆ ಅದೇ ಕೊನೆಯ ಅವಕಾಶ. ಪರೀಕ್ಷೆ ಕಡೂರಿನಲ್ಲಿ, ಸೋಮವಾರ. ಉಳಿದದ್ದೆಲ್ಲ ಅಪ್ಪನಿಗೆ ನೀರು ಕುಡಿದಷ್ಟು ಸಲೀಸು. ಹೆದರಿಕೆ ಇದ್ದದ್ದು ಇಂಗ್ಲಿಷ್ ವ್ಯಾಕರಣಕ್ಕೆ. ವಾಕ್ಯದಲ್ಲಿ ಯಾವುದು ನಾಮಪದ, ಯಾವುದು ಕ್ರಿಯಾಪದ, ಯಾವುದು ವಿಶೇಷಣ ಎಂದು ಗುರುತಿಸಬೇಕು. ಕ್ರಿಯಾಪದದ ಮೂರು ರೂಪ ಬರೆಯಬೇಕು.

ಪಾಠ ಹೇಳುವವಳು ಅಕ್ಕ. ಅವಳು ಆಗ ಹತ್ತನೇ ಕ್ಲಾಸು, ಇಂಗ್ಲಿಷಿನಲ್ಲಿ ಶಾಲೆಗೇ ಮುಂದು. ಆದರೆ ಶಿಷ್ಯ ಅಪ್ಪ! ಅಪ್ಪನ ಸಮಕ್ಕೆ ಕೂರುವುದುಂಟೆ? ಅಪ್ಪ ಜಗುಲಿಯ ಮೇಲೆ, ಅಕ್ಕ ಕೆಳಗಿನ ಮೆಟ್ಟಿಲ ಮೇಲೆ. ಪುಸ್ತಕವನ್ನು ಅಪ್ಪನ ಕಡೆಗೆ ತಿರುಗಿಸಿ ಜಗುಲಿಯ ಅಂಚಿಗೆ ಇಡಬೇಕಾದ್ದರಿಂದ ಅವಳು ಇಂಗ್ಲಿಷನ್ನು ತಲೆಕೆಳಗಾಗಿ ಓದುವುದನ್ನೇ ಕಲಿತುಬಿಟ್ಟಿದ್ದಳು.

ಪರೀಕ್ಷೆಯ ಹಿಂದಿನ ದಿನ ಭಾನುವಾರ. ಬೀದಿಯುದ್ದಕ್ಕೂ ಈರುಳ್ಳಿ ಹರವಿದ್ದರು; ಎಳೆಬಿಸಿಲಿಗೆ ಅದರ ಘಾಟು ಮನೆಯೊಳಗೆಲ್ಲ ತುಂಬಿತ್ತು. ಅಂಗಳದ ತಂತಿಯ ಮೇಲೆ ಅಪ್ಪನ ಬಿಳಿ ಅಂಗಿ ನೀಲಿ ಹಾಕಿಸಿಕೊಂಡು ಒಣಗುತ್ತಿತ್ತು. ಒಳಗೆ ಅಮ್ಮ ಮುದ್ದೆ ತಿರುವುತ್ತಿದ್ದಳು. ನಾನು ಜಗುಲಿಯ ಮೂಲೆಯಲ್ಲಿ ಕಡಲೇಕಾಯಿ ಸುಲಿಯುತ್ತಾ, ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹಾಕಿಕೊಳ್ಳುತ್ತಾ ಪಾಠ ಕೇಳುತ್ತಿದ್ದೆ.

ಅಪ್ಪ ನೆಟ್ಟಗೆ ಕೂತು ನನ್ನ ಸ್ಲೇಟಿನ ಮೇಲೆ ಬರೆಯುತ್ತಾ ಜೋರಾಗಿ ಹೇಳಿದರು: “ಗೋ, ಗೋಡ್, ಗೋಡ್. ಕಮ್, ಕಮ್ಡ್, ಕಮ್ಡ್.”

“ಹತ್ರ ಹತ್ರ ಬಂತಪ್ಪ,” ಎಂದಳು ಅಕ್ಕ.

“ನಿಧಾನವಾಗಿ ನಡೆದ ಅನ್ನೋದ್ರಲ್ಲಿ ಸ್ಲೋಲಿ ಅನ್ನೋದು ಕ್ರಿಯಾಪದ. ನಡೆಯೋದೇ ಅಲ್ವಾ ಅದೂ?”

“ಹಂಗೂ ಅನ್ಬೋದಪ್ಪ.”

ನನಗೆ ಕಡಲೇಕಾಯಿ ಗಂಟಲಿಗೆ ಸಿಕ್ಕಿಕೊಂಡಿತು. ನಮ್ಮ ಶಾಲೆಯಲ್ಲಿ ಶನಿವಾರ ಶನಿವಾರ ಚರ್ಚಾಕೂಟ ನಡೆಯುತ್ತಿತ್ತು. ಒಪ್ಪದಿದ್ದರೆ ಕೈ ಎತ್ತು, ಕಾರಣ ಹೇಳು ಎಂದು ಮೇಷ್ಟ್ರು ಕಲಿಸಿದ್ದರು. ನಾನು ಕೈ ಎತ್ತಿದೆ.

“ತಪ್ಪು!” ಎಂದೆ. “ಲೇ ಅಕ್ಕ, ಮೊನ್ನೆ ನಾನು ಗೋಡ್ ಅಂದಿದ್ದಕ್ಕೆ ತಲೆ ಮೇಲೆ ಮೊಟಕ್ದೆ. ಇನ್ನೂ ನೋಯ್ತೈತೆ. ಅಪ್ಪ ಅಂದ್ರೆ ಹತ್ರ ಬಂತಾ? ಇದ್ಯಾವ ನ್ಯಾಯ?”

ಒಳಗೆ ಮುದ್ದೆಕೋಲಿನ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು, “ಬಾಯ್ ಮುಚ್ಕೊಂಡು ಕಾಯಿ ಸುಲಿಯೋ,” ಎಂದು ಕಣ್ಣಲ್ಲೇ ಗದರಿದಳು. ಅಪ್ಪ ನನ್ನನ್ನು ನೋಡಲಿಲ್ಲ. ಅಕ್ಕನನ್ನು ನೋಡಿದರು.

“ತಪ್ಪೇನವ್ವ?”

ಅಕ್ಕ ಕಾಲಬೆರಳಿನಿಂದ ಮೆಟ್ಟಿಲ ಕಲ್ಲು ಕೆರೆಯುತ್ತಿದ್ದಳು.

“ಎಷ್ಟು ದಿನದಿಂದ ತಪ್ಪು ಹೇಳ್ತಿದ್ದೀನಿ?”

“ಮೊದ್ಲಿಂದ್ಲೂ ಅಪ್ಪ,” ಎಂದಳು. ಕಣ್ಣಲ್ಲಿ ನೀರು.

ಅಪ್ಪ ಎದ್ದು ಅಂಗಳಕ್ಕೆ ಹೋದರು. ತಂತಿಯ ಮೇಲಿನ ಅಂಗಿಯ ಸುಕ್ಕು ಎಳೆದು ಸರಿಮಾಡಿದರು. ಸರಿಯಾಗಿದ್ದ ತೋಳನ್ನೂ ಮತ್ತೆ ಎಳೆದರು. ಒಂದು ತಿಂಗಳ ಪಾಠ, ಉಳಿದದ್ದು ಒಂದೇ ಹಗಲು. ನಾನು ಗೆದ್ದಿದ್ದೆ, ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೂ ಅದು ಬೇಕೆನಿಸಲಿಲ್ಲ.

ವಾಪಸು ಬಂದ ಅಪ್ಪ ಜಗುಲಿ ಹತ್ತಲೇ ಇಲ್ಲ. “ನಿಮ್ಮ ಸ್ಕೂಲಲ್ಲಿ ಮೇಷ್ಟ್ರು ಎಲ್ಲಿ ಕೂರ್ತಾರೆ, ಮಕ್ಕಳು ಎಲ್ಲಿ ಕೂರ್ತಾರೆ?” ಎಂದು ಅಕ್ಕನನ್ನು ಕೇಳಿದರು. ಅವಳು ಉತ್ತರ ಕೊಡುವುದರೊಳಗೆ ತಾವು ಕೆಳಗಿನ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೇಬಿಟ್ಟರು. “ಹತ್ತು ಮೇಲೆ. ದೀಪ ಹಚ್ಚೋ ತನಕ ನಾನು ನಿಮ್ಮಪ್ಪ ಅಲ್ಲ. ತಪ್ಪಿದ್ರೆ ತಪ್ಪು ಅನ್ಬೇಕು. ಗಟ್ಟಿಯಾಗಿ.”

ಅಕ್ಕ ಹತ್ತಲೊಲ್ಲಳು. ಅಮ್ಮ “ಅಯ್ಯೋ ಶಿವನೇ, ಬೀದೀಲಿ ಜನ ನೋಡ್ತಾರೆ ಕಣ್ರೀ,” ಎಂದಳು. ಕೊನೆಗೆ ಅಕ್ಕ ಜಗುಲಿಯ ತುದಿಯಲ್ಲಿ, ಬೀಳುವಷ್ಟು ಅಂಚಿನಲ್ಲಿ, ಕೂತಳು. ಮೊದಲನೆಯ ‘ತಪ್ಪು’ ನನಗೇ ಕೇಳಿಸಲಿಲ್ಲ. ಎರಡನೆಯದು ಕೆಮ್ಮಿದಂತಿತ್ತು. ಹತ್ತನೆಯದರ ಹೊತ್ತಿಗೆ ಎದುರು ಮನೆಯ ಬೆಕ್ಕು ಬೆಚ್ಚಿಬಿದ್ದು ಓಡಿತು.

ಜನ ನೋಡಿಯೂ ನೋಡಿದರು. ಈರುಳ್ಳಿ ಹರವುತ್ತಿದ್ದ ಪಕ್ಕದ ಮನೆಯ ಮಾವ ಬುಟ್ಟಿ ಇಳಿಸಿ, “ಏನಪ್ಪಾ, ಮಗಳತ್ರ ಪಾಠಾನಾ?” ಎಂದು ಹಲ್ಲುಬಿಟ್ಟ.

“ಹೂಂ ಕಣಯ್ಯಾ. ಇಲ್ಲಿ ಇನ್ನೊಂದು ಮೆಟ್ಟಿಲು ಖಾಲಿ ಐತೆ, ಬಾ ಕೂತ್ಕೋ,” ಎಂದರು ಅಪ್ಪ. ಮಾವ ಬುಟ್ಟಿ ಎತ್ತಿಕೊಂಡ.

ಊಟವಾದ ಮೇಲೆ ಅಪ್ಪನ ಪರವಾಗಿ ವಾದಿಸುವ ಕೆಲಸ ನಾನೇ ವಹಿಸಿಕೊಂಡೆ. ವಾಕ್‌ಗೆ ವಾಕ್ಡ್ ಆದರೆ ಗೋಗೆ ಯಾಕೆ ವೆಂಟ್? ಒಂದೇ ನಿಯಮ ಎಲ್ಲರಿಗೂ ಇರಬೇಡವೇ? ಕಾರಣ ಹೇಳು!

ಬೆಳಿಗ್ಗೆಯ ಅಕ್ಕನಾಗಿದ್ದರೆ ತಲೆ ತಗ್ಗಿಸುತ್ತಿದ್ದಳು. ಈಗ ಮೇಲೆ ಕೂತಿದ್ದಳಲ್ಲ! “ಲೇ ಚರ್ಚಾಪಟು, ಮಾಡು ಅಂದ್ರೆ ಮಾಡಿದ, ಓಡು ಅಂದ್ರೆ ಓಡಿದ. ಹಂಗಾದ್ರೆ ಬರು ಅಂದ್ರೆ ಬರಿದ ಅಂತೀಯೇನೋ? ತರು ಅಂದ್ರೆ ತರಿದ? ಬಂದ, ತಂದ ಅಂತ ಹುಟ್ಟಿದಾಗಿಂದ ಹೇಳ್ತಿದ್ದೀಯ, ಯಾರ್ನ ಕಾರಣ ಕೇಳ್ದೆ?”

ಅಪ್ಪ ಸ್ಲೇಟು ತೊಡೆಗೆ ಬಡಿದುಕೊಂಡು ನಕ್ಕರು. “ಬರಿದ! ಅಜ್ಜಂಪುರಕ್ಕೆ ಬರಿದ, ಈರುಳ್ಳಿ ತರಿದ! ಸೋತೆ ಕಣೋ ಮಗನೇ. ನಮ್ಮ ಮನೇಲೇ ಇಂಥವು ಇಷ್ಟು ಇಟ್ಕೊಂಡು ಅವರ ಮನೇದಕ್ಕೆ ಯಾಕೆ ಸಿಟ್ಟು? ಹೇಳವ್ವ, ಗೋ, ವೆಂಟ್, ಗಾನ್.”

ಅಲ್ಲಿಂದ ಪಾಠ ಓಡಿತು. ಒಂದೇ ಪದ ಒಂದು ಕಡೆ ನಾಮಪದ, ಇನ್ನೊಂದು ಕಡೆ ಕ್ರಿಯಾಪದ ಹೇಗಾಗುತ್ತದೆ ಎಂದು ಅಪ್ಪನಿಗೆ ಬಹಳ ಹೊತ್ತು ಹೊಳೆಯಲಿಲ್ಲ. ಕುಡಿಯುವ ವಾಟರ್ ನಾಮಪದವಂತೆ, ಗಿಡಕ್ಕೆ ನೀರು ಹಾಕು ಎನ್ನುವಾಗ ಅದೇ ವಾಟರ್ ಕ್ರಿಯಾಪದವಂತೆ. ಆಮೇಲೆ ಅವರೇ ತಲೆದೂಗಿದರು: “ಗುಮಾಸ್ತರು ರಜೆ ಹಾಕಿದ ದಿನ ಇನ್ನೊಬ್ಬರು ಬಂದು ಅವರ ಕುರ್ಚೀಲಿ ಕೂರ್ತಾರಲ್ಲ, ಹಂಗೆ. ಮುಖ ನೋಡ್ಬಾರ್ದು, ಇವತ್ತು ಏನು ಕೆಲ್ಸ ಮಾಡ್ತಿದ್ದಾರೆ ಅಂತ ನೋಡ್ಬೇಕು.” ಬಳಪದ ಪುಡಿಯಿಂದ ಅವರ ಪಂಚೆಯೆಲ್ಲ ಬೆಳ್ಳಗಾಗಿತ್ತು. ಅಮ್ಮ ದೀಪ ಹಚ್ಚಿ ತಂದು ಜಗುಲಿಯಲ್ಲಿಟ್ಟಾಗ ಅಕ್ಕ ಥಟ್ಟನೆ ಎದ್ದು ನಿಂತಳು. ಅಪ್ಪ ಮಾತ್ರ ಕೆಳಗಿನ ಮೆಟ್ಟಿಲಿನಿಂದ ಏಳದೆ, “ಇನ್ನೊಂದು ಸಲ ಕೇಳು,” ಎಂದರು.

ಮರುದಿನ ಬೆಳಗಿನ ರೈಲಿಗೆ ಕಡೂರಿಗೆ ಹೋಗಿ ಸಂಜೆ ಬಂದರು. ಎಲ್ಲ ಬರೆದೆ, ಎರಡು ಕಡೆ ಅನುಮಾನ ಎಂದರು. ಆ ಎರಡೂ ತಪ್ಪು ಎಂದು ಅಕ್ಕ ಅಲ್ಲೇ, ನಿಂತ ನಿಲುವಿನಲ್ಲೇ, ಹೇಳಿದಳು. ಅಪ್ಪ ಪಾಸಾದರು. ಗುಮಾಸ್ತರಾಗಿ ಕೂತ ಮೊದಲ ದಿನ ಸಾಹೇಬರ ಗಂಟೆ ಕೇಳಿ, ಅಭ್ಯಾಸಬಲದಿಂದ ಎದ್ದು ಬಾಗಿಲ ತನಕ ಓಡಿದ್ದರಂತೆ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ಈಗ, ಮೊಮ್ಮಕ್ಕಳೇ, ನೀವು ದಿನಕ್ಕೆಷ್ಟು ಸಲ “ತಾತ, ರಾಂಗ್!” ಎನ್ನುತ್ತೀರಿ? ಫೋನಿನಿಂದ ಕಣ್ಣೆತ್ತದೆ, ದೋಸೆ ಅಗಿಯುತ್ತಲೇ. ನನ್ನ ಉಚ್ಚಾರ ತಪ್ಪು, ನಾನು ಒತ್ತಿದ ಗುಂಡಿ ತಪ್ಪು. ನೀವು ಬರೆದದ್ದು ತಪ್ಪಿದರೆ ಫೋನೇ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ನಮ್ಮ ವಯಸ್ಸಿನವರು ಇದನ್ನು ಕಂಡು ‘ನಮ್ಮ ಕಾಲದಲ್ಲಿ ಎಂಥ ಮರ್ಯಾದೆಯಿತ್ತು’ ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಆ ಮರ್ಯಾದೆ ಇನ್ನೊಂದು ದಿನ ಮುಂದುವರಿದಿದ್ದರೆ ಅಪ್ಪ ಫೇಲಾಗುತ್ತಿದ್ದರು. ತಪ್ಪನ್ನು ತಪ್ಪು ಎಂದು ನೀವು ಹೇಳುವುದೇ ಸರಿ, ಹೇಳಿ. ಆದರೆ ಆ ಕೆಂಪು ಗೆರೆಗೆ ನಾನು ಪಾಸಾದರೂ ಒಂದೇ, ಫೇಲಾದರೂ ಒಂದೇ. ನಿಮಗೆ ಹಾಗಲ್ಲ ತಾನೇ? ಅದಕ್ಕೇ, ತಾತ ತಪ್ಪಿದಾಗ ಫೋನು ಕೆಳಗಿಟ್ಟು ಬನ್ನಿ. ನಾನು ವಾದ ಮಾಡುತ್ತೇನೆ, ಸುಲಭಕ್ಕೆ ಸೋಲುವುದಿಲ್ಲ. ಮೇಲೆ ಕೂತು ಹೇಳಿಕೊಡಿ.