ಅತ್ತಿಗೆ ತೂಗಿದ ಬಾಣಗಳು

ನಮ್ಮ ಅತ್ತಿಗೆಗೆ ನಾನಿಟ್ಟ ಅಡ್ಡಹೆಸರು ಗುಲಗಂಜಿ. ಬಾಣ ಮಾಡುವುದು ಅವರ ಕಸುಬು. ಮುಂದಿನ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಚಿನ್ನ ತೂಗುವಂಥ ತಕ್ಕಡಿಯ ಮೇಲೆ ಒಂದೊಂದೇ ಬಾಣ ಮಲಗಿಸುತ್ತಾರೆ. ಆಗ ಯಾರೂ ಸೀನುವಂತಿಲ್ಲ. ಒಮ್ಮೆ ನಾನು ಸೀನಿ, ಚೆನ್ನಾಗಿ ಬೈಸಿಕೊಂಡು, ಜಗಲಿಯಲ್ಲಿ ಹೋಗಿ ಕೂತಿದ್ದೇನೆ.

ಬೇಟೆಯವರು ಬಂದರೆ ಭಾರದ ಬಾಣ ಕೊಡುತ್ತಾರೆ. ಅದರ ಓಟ ನಿಧಾನ, ಆದರೆ ಆಳಕ್ಕೆ ಇಳಿಯುತ್ತದೆ, ಪ್ರಾಣಿ ನರಳುತ್ತಾ ಓಡುವುದು ತಪ್ಪುತ್ತದೆ. ಪಂದ್ಯದವರಿಗೆ ಹಗುರದ್ದೇ ಬೇಕು. ಅದರಲ್ಲೂ ಒಂದು ಕಟ್ಟಿನ ಹನ್ನೆರಡಕ್ಕೆ ಹನ್ನೆರಡೂ ಒಂದೇ ತೂಕವಿರಬೇಕು. ಇಲ್ಲವಾದರೆ ಕೈ ಎಷ್ಟೇ ಗಟ್ಟಿಯಿದ್ದರೂ ಎಪ್ಪತ್ತು ಮೀಟರ್ ಆಚೆ ಒಂದು ಮೇಲೆ ನಾಟುತ್ತದೆ, ಇನ್ನೊಂದು ಕೆಳಗೆ. ಕೂದಲೆಳೆಯಷ್ಟು ಭಾರ ಹೆಚ್ಚಿದರೂ ಅತ್ತಿಗೆ ಮೊನೆಯನ್ನು ಉಜ್ಜಿ ಸಮ ಮಾಡುತ್ತಾರೆ. ನನಗಾದರೆ ಅಷ್ಟು ತಾಳ್ಮೆ ಏಳು ಜನ್ಮಕ್ಕೂ ಬಾರದು.

ಕಳೆದ ವರ್ಷ ಬಿಲ್ಲುಗಾರಿಕೆ ತಂಡದಲ್ಲಿ ಒಂದೇ ಜಾಗ ಉಳಿದಿತ್ತು, ಪಂದ್ಯದಲ್ಲಿ ಗೆದ್ದವರಿಗೆ ಅದು. ಪೈಪೋಟಿ ಅತ್ತಿಗೆಯ ಮಗಳಿಗೂ ನಮ್ಮ ಬೀದಿಯ ಟೈಲರ್ ಮಗಳಿಗೂ. ಇಬ್ಬರ ಬಾಣವೂ ನಮ್ಮ ಮನೆಯದೇ. ಟೈಲರ್ ಮಗಳು ತಡವಾಗಿ ಬಂದು ಕೇಳಿದ್ದರಿಂದ ಅತ್ತಿಗೆ ಗರಿ ಅಂಟಿಸಿದ ದಿನವೇ ತೂಗಿ, ಸಮ ಮಾಡಿ ಕೊಟ್ಟುಬಿಟ್ಟಿದ್ದರು. ಪಂದ್ಯದ ಬೆಳಿಗ್ಗೆ, ಆಗ ಅವಳ ಕಟ್ಟಿಗೆ ಹೆಚ್ಚಾಗಿ ಮಿಕ್ಕಿದ್ದ ಎರಡು ಬಾಣಗಳನ್ನು ಸುಮ್ಮನೆ ಮತ್ತೆ ತೂಗಿದರು. ಅಂದು ಸಮವಿದ್ದವು ಇಂದು ಸಮವಿರಲಿಲ್ಲ.

"ಹಸಿ ಅಂಟಿನ ಸಮೇತ ತೂಗಿಬಿಟ್ಟೆ ಕಣೇ. ಅಂಟು ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ ಬಿದ್ದಿರುತ್ತೆ. ಒಣಗಿದ ಮೇಲೆ ತೂಕವೆಲ್ಲ ಏರುಪೇರು."

"ನಿಮ್ಮ ಮಗಳಿಗೇ ಒಳ್ಳೇದಾಯ್ತಲ್ಲ ಅತ್ತಿಗೆ, ಸುಮ್ನಿದ್ಬಿಡಿ" ಅಂದೆ. ಹೌದು, ನಾನೇ ಅಂದೆ.

ಅವರು ಮಗಳಿಗೆಂದು ಮಾಡಿಟ್ಟಿದ್ದ ಇನ್ನೊಂದು ಕಟ್ಟು ಎತ್ತಿಕೊಂಡು ಮೈದಾನಕ್ಕೆ ಓಡಿದರು. ನಾನೂ ಹಿಂದೆಯೇ ಓಡಿದೆ. ಅಷ್ಟು ಜನರೆದುರು, ಸ್ವಂತ ಮಗಳು ಪಕ್ಕದಲ್ಲೇ ಬಿಲ್ಲು ಹಿಡಿದು ನಿಂತಿರುವಾಗ ಟೈಲರ್ ಮಗಳಿಗೆ ಹೇಳಿದರು: "ತಪ್ಪು ನಂದಮ್ಮ. ಆ ಬಾಣ ಬಿಡ್ಬೇಡ, ಇವನ್ನ ತಗೋ. ನಿಮ್ಮಿಬ್ಬರ ಬಿಲ್ಲೂ ಒಂದೇ ಬಿಗಿ, ಹೊಂದುತ್ತೆ. ನಿನ್ನ ಬಾಣಕ್ಕಿಂತ ಇವು ಸ್ವಲ್ಪ ಹಗುರ, ಮೇಲೆ ಹೋಗ್ತವೆ. ಅಭ್ಯಾಸದಲ್ಲೇ ನೋಡಿ ಗುರಿ ಸರಿಮಾಡ್ಕೋ."

ಟೈಲರ್ ಮಗಳು ಎರಡು ಅಂಕದಿಂದ ಗೆದ್ದಳು. ನಮ್ಮ ಹುಡುಗಿ ಮನೆಗೆ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಅಡುಗೆಮನೆಯಲ್ಲಿ ನಾನು ಅತ್ತಿಗೆಯ ಕೈ ಹಿಡಿದು, "ನಿಮ್ಮಂಥ ಮನಸ್ಸು ಯಾರಿಗಿರುತ್ತೆ?" ಅಂದೆ. ನಿಜವಾಗಿಯೂ ಅವರ ಕಾಲಿಗೆ ಬೀಳಬೇಕು ಅನ್ನಿಸಿತ್ತು.

ಅವರು ಕೈ ಬಿಡಿಸಿಕೊಂಡರು. "ನನ್ನ ಮನಸ್ಸಿನ ಸುದ್ದಿ ಎತ್ತಬೇಡ. ಬಾಣ ಕೊಟ್ಟು ಬಂದು ಕೂತವಳು, ಆ ಹುಡುಗಿ ಒಂದೊಂದು ಬಾಣ ಬಿಡುವಾಗಲೂ ತಪ್ಪಲಿ, ತಪ್ಪಲಿ ಅಂತಲೇ ಬೇಡ್ಕೋತಿದ್ದೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.