ಗೆಳತಿಯ ಎರಡು ಸಾಲು

ದೊಡ್ಡಬಳ್ಳಾಪುರದ ಒಂದು ಸೀರೆ ಅಂಗಡಿಯ ವೆಬ್‌ಸೈಟಿಗೆ ಬರೆಯುವುದು ನನ್ನ ಕೆಲಸ. ಅಂಗಡಿ ಕೆಳಗೆ, ನಾವು ಕೂರುವ ಕೋಣೆ ಮೇಲೆ. ಪಕ್ಕದ ಬೀದಿಯ ಮಗ್ಗಗಳ ಸದ್ದು ಇಡೀ ದಿನ ಇದ್ದೇ ಇರುತ್ತದೆ. ಕರೆಂಟು ಹೋದಾಗ ಮಾತ್ರ ಇಷ್ಟು ಹೊತ್ತು ಅದು ಕೇಳುತ್ತಿತ್ತಲ್ಲ ಎಂದು ಗೊತ್ತಾಗುವುದು. ನಮ್ಮ ಮನೆಯಲ್ಲೂ ಅಪ್ಪನ ಕಾಲದಿಂದ ಮಗ್ಗವಿದೆ. ಹಾಗಾಗಿ ಸೀರೆಯ ಬಗ್ಗೆ ನನ್ನಷ್ಟು ಚೆನ್ನಾಗಿ ಬರೆಯುವವರು ಈ ಊರಲ್ಲಿ ಇಲ್ಲ ಎಂದೇ ನಾನು ನಂಬಿಕೊಂಡಿದ್ದೆ.

ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳತಿಯೊಬ್ಬಳು ಮದುವೆಯಾಗಿ ಇಲ್ಲೇ ಹತ್ತಿರದ ವಿಜಯಪುರ ಸೇರಿದ್ದಳು. ಮಗಳು ದೊಡ್ಡವಳಾದ ಮೇಲೆ ಕೆಲಸ ಹುಡುಕುತ್ತಿದ್ದಾಳೆಂದು ತಿಳಿದು, ಅಂಗಡಿಯ ಯಜಮಾನರಿಗೆ ಹೇಳಿ ಅವಳನ್ನು ಸೇರಿಸಿದವಳು ನಾನೇ. ನನ್ನ ಬರಹಗಳನ್ನು ಟೈಪ್ ಮಾಡಿಕೊಂಡು, ಫೋಟೋ ಹಾಕಿಕೊಂಡು ಇರುತ್ತಾಳೆ ಎಂದುಕೊಂಡಿದ್ದೆ.

ಅವಳು ಬಂದ ಸ್ವಲ್ಪ ದಿನಕ್ಕೆ ಯಜಮಾನರು ಮೇಲೆ ಬಂದು ನಮ್ಮಿಬ್ಬರ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಈಗ ಜನ ಹುಡ್ಕಲ್ಲಮ್ಮ, ಕೇಳ್ತಾರೆ. ಫೋನ್ ಬಾಯಿಗಿಟ್ಕೊಂಡು ಕೇಳಿದ್ರೆ ಆ ಎಐ ಉತ್ರ ಕೊಡುತ್ತೆ. ಆ ಉತ್ರದಲ್ಲಿ ನಮ್ಮಂಗ್ಡಿ ಬರ್ಬೇಕು. ಹಂಗೆ ಬರೀರಿ."

ಹಾಗೆ ಬರೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಗೆಳತಿಗೆ ತಿಳಿಯಿತು. ಮೇಲೊಂದು ಪ್ರಶ್ನೆ, ಕೆಳಗೆ ಎರಡು ಸಾಲು ಉತ್ತರ. ಬೇಸಿಗೆಯ ಮದುವೆಗೆ ಯಾವ ಸೀರೆ ಒಳ್ಳೆಯದು? ತೆಳು ಅಂಚಿನ ಹಗುರ ರೇಷ್ಮೆ ಒಳ್ಳೆಯದು. ಬೆವರಿನ ಕಲೆ ಕಾಣದ ಬಣ್ಣ ಆರಿಸಿ. ಅಷ್ಟೇ.

"ಇದನ್ನ ಯಾರೇ ಓದ್ತಾರೆ? ಮಾತ್ರೆ ಚೀಟಿ ಥರ ಇದೆ," ಅಂದೆ.

"ಓದೋರಿಗಲ್ಲ ಕಣೇ, ಅದಕ್ಕೆ," ಎಂದು ಅವಳು ಕಂಪ್ಯೂಟರಿನ ಕಡೆ ಗಲ್ಲ ತಿರುಗಿಸಿದಳು.

ಒಂದು ಮಧ್ಯಾಹ್ನ ಕೆಳಗಿನಿಂದ ಯಜಮಾನರು ಕೂಗಿ ಕರೆದರು. ಅಂಗಡಿಯವರೆಲ್ಲ ಅವರ ಸುತ್ತ ನಿಂತಿದ್ದರು. ಫೋನಿಗೆ ಅವರು ಪ್ರಶ್ನೆ ಕೇಳಿದರು. ಫೋನು ಗೆಳತಿಯ ಎರಡು ಸಾಲನ್ನು ಅಕ್ಷರ ಬದಲಿಸದೆ ಓದಿ ಹೇಳಿತು. ಕೆಳಗೆ ನಮ್ಮ ಅಂಗಡಿಯ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಸೂರುಪಾಕು ಬಂತು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಗೆಳತಿ ನಾಚಿಕೊಂಡು ನನ್ನ ಕೈ ಹಿಡಿದಾಗ, ಆ ಕೈಯನ್ನು ಕೊಡವಿಕೊಳ್ಳಬೇಕು ಅನ್ನಿಸಿತು.

ಅಂದಿನಿಂದ ಊಟದ ಬಿಡುವಿನಲ್ಲಿ ನಾನು ಫೋನು ಹಿಡಿದು ಅದೇ ಕೆಲಸ ಮಾಡತೊಡಗಿದೆ. ನಾನು ಬರೆದ ಸೀರೆಗಳ ಬಗ್ಗೆ ಪ್ರಶ್ನೆ ಕೇಳುವುದು, ಉತ್ತರದಲ್ಲಿ ನನ್ನ ಮಾತೊಂದಾದರೂ ಸಿಗುತ್ತದೆಯೇ ಎಂದು ನೋಡುವುದು. ಪ್ರತಿ ಸಲವೂ ಅವಳ ಸಾಲುಗಳೇ. ಮಗ್ಗದ ಮನೆಯ ಮಗಳು ನಾನು. ಹೈಸ್ಕೂಲಿನ ದಿನಗಳಲ್ಲಿ ನಮ್ಮ ಮನೆಗೆ ಬಂದರೆ ನೂಲು ಕಂಡು ಸೀನುತ್ತಿದ್ದವಳ ಮಾತು ಊರೂರು ಸುತ್ತುತ್ತಿದೆ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಅಮ್ಮನಿಗೆ ಅದರ ಹಿಂದಿನ ವರ್ಷ ಲಕ್ವ ಹೊಡೆದು ಎಡಗೈ ಮೇಲೇಳುತ್ತಿರಲಿಲ್ಲ. ಕೂತಲ್ಲೇ ಫೋನಿಗೆ ಏನೇನೋ ಕೇಳುತ್ತಿದ್ದ ಅವಳು ಒಂದು ದಿನ ಹೇಳಿದಳು:

"ನಿನ್ ಫ್ರೆಂಡು ಎಷ್ಟು ಚೆನ್ನಾಗಿ ಎರಡೇ ಮಾತಲ್ಲಿ ಹೇಳ್ತಾಳಮ್ಮ. ನೀನು ಬರ್ದಿದ್ದು ಓದೋಷ್ಟರಲ್ಲಿ ಕಾಫಿ ಆರೋಗುತ್ತೆ."

ಅಮ್ಮನ ಮೇಲೆ ರೇಗಲಾಗಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಆ ಸಿಟ್ಟಿನಲ್ಲೇ ಬರೆದ ಪುಟ ಒಂದೇ ಕೈಯಲ್ಲಿ ಉಡುವ ಸೀರೆಯದು. ಅಮ್ಮ ನೈಟಿ ಒಲ್ಲೆ ಎಂದು ಹಟ ಹಿಡಿದಿದ್ದಳು. ನಾವಿಬ್ಬರೂ ಬೀರುವಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಒಂದೊಂದಾಗಿ ಉಟ್ಟು ನೋಡಿದ್ದೆವು. ನಯವಾದದ್ದು ಹಿಡಿದ ಕೈಯಿಂದ ಜಾರುತ್ತಿತ್ತು. ಗಂಜಿ ಹಾಕಿದ ಹತ್ತಿ ಸೀರೆ ಕೊಡೆಯಂತೆ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಜರಿ ಸೆರಗು ನಿತ್ರಾಣದ ಭುಜವನ್ನು ಕೆಳಕ್ಕೆ ಎಳೆಯುತ್ತಿತ್ತು. ಕೊನೆಗೆ ಹತ್ತಿ ರೇಷ್ಮೆ ಬೆರೆತ, ಸಣ್ಣ ಅಂಚಿನ, ಒಗೆದು ಮೆತ್ತಗಾದ ಸೀರೆಯೊಂದು ಹೇಳಿದ ಮಾತು ಕೇಳಿತು. ನೆರಿಗೆಗಳನ್ನು ಮೊದಲೇ ಮಂಚದ ಮೇಲೆ ಮಡಿಸಿ ಬಟ್ಟೆ ಕ್ಲಿಪ್ಪು ಹಾಕಿಟ್ಟರೆ, ಮಂಚದ ತುದಿಯಲ್ಲಿ ಕೂತು ಒಂದೇ ಕೈಯಲ್ಲಿ ಸಿಕ್ಕಿಸಿಕೊಳ್ಳಬಹುದಿತ್ತು. ಅಮ್ಮ ಹಾಗೆ ಉಟ್ಟು ಎದ್ದು ನಿಂತು, ಕನ್ನಡಿ ನೋಡದೆ ನೇರ ಪಕ್ಕದ ಮನೆಯವರಿಗೆ ತೋರಿಸಲು ಹೋದದ್ದನ್ನೂ ಬರೆದೆ.

ಪುಟ ಉದ್ದವಾಯಿತು. ಯಜಮಾನರು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು.

"ಚೆನ್ನಾಗೇನೋ ಇದೆ. ಮೇಲ್ಗಡೆ ಅವಳ ಎರಡು ಸಾಲು ಇರ್ಲಿ."

ಗೆಳತಿ ನನ್ನ ಮುಖ ನೋಡದೆ ಬರೆದಳು. ಕೈಗೆ ಬಲವಿಲ್ಲದವರಿಗೆ ಯಾವ ಸೀರೆ ಸೂಕ್ತ? ಹಗುರವಾದ, ಸಣ್ಣ ಅಂಚಿನ ಹತ್ತಿ ರೇಷ್ಮೆ ಸೀರೆ ಸೂಕ್ತ. ನೆರಿಗೆಯನ್ನು ಮೊದಲೇ ಮಡಿಸಿ ಕ್ಲಿಪ್ ಹಾಕಿ. ನಾನೂ ಅಮ್ಮನೂ ಅಷ್ಟು ದಿನ ಪಟ್ಟ ಪಾಡು ಅವಳ ಕೈಯಲ್ಲಿ ಎರಡು ಸಾಲಾಯಿತು. ಮಾರನೆಯ ವಾರ ಫೋನು ಆ ಎರಡು ಸಾಲನ್ನೂ ಹೇಳತೊಡಗಿತು. ನಾನು ಅವಳೊಂದಿಗೆ ಕೂತು ಊಟ ಮಾಡುವುದನ್ನು ಬಿಟ್ಟೆ.

ಶ್ರಾವಣದ ವ್ಯಾಪಾರ ಶುರುವಾದ ಹೊತ್ತಿಗೆ ಸಮೇತನಹಳ್ಳಿಯಿಂದ ಗಂಡಹೆಂಡತಿ ಬಂದರು. ಬೇಸಾಯದವರು, ಅರವತ್ತರ ಆಸುಪಾಸು. ಆಕೆಯ ಬಲಗೈ ಸೋತುಹೋಗಿತ್ತು. ಸೀರೆ ಉಟ್ಟಿದ್ದರು, ನೆರಿಗೆ ಸ್ವಲ್ಪ ಓರೆ. ಆತ ಕೌಂಟರಿನಲ್ಲಿ ಸೀರೆ ಕೇಳಲಿಲ್ಲ.

"ಕೈ ಬರದೋರಿಗೆ ಸೀರೆ ಉಡ್ಸೋದು ಬರ್ದೋರು ಯಾರಮ್ಮ? ಅವ್ರನ್ನ ನೋಡ್ಬೇಕಿತ್ತು."

ಯಜಮಾನರು ನಮ್ಮಿಬ್ಬರನ್ನೂ ಕೆಳಗೆ ಕರೆಸಿದರು. ಗೆಳತಿ ಒಂದು ಹೆಜ್ಜೆ ಮುಂದಿಟ್ಟಳು. ನಾನು ಮೆಟ್ಟಿಲ ಬಳಿಯೇ ನಿಂತೆ.

"ಆ ಮೇಲ್ಗಡೆ ಇರೋದಲ್ಲ," ಅಂದರು ಆತ. "ಹಗುರ ಸೀರೆ ಉಡ್ಸಿ ಅನ್ನೋದು ನಂಗೂ ಗೊತ್ತು ತಾಯಿ. ಅದರ ಕೆಳಗೆ, ಅವರಮ್ಮಂಗೆ ಒಂದೊಂದೇ ಸೀರೆ ಉಡ್ಸಿ ನೋಡಿದ್ರಲ್ಲ, ಅವ್ರು. ಅದನ್ನ ಇವಳಿಗೆ ದಿನಾ ಓದಿ ಹೇಳ್ತಾ ನಾನೂ ನೆರಿಗೆ ಹಿಡಿಯೋದು ಕಲ್ತೆ."

ಆಕೆ ನಕ್ಕರು. "ಓರೆ ಹಿಡೀತಾರೆ. ಆದ್ರೂ ನೈಟೀಲಿ ಮದುವೆಗೆ ಹೋಗೋದು ತಪ್ತು."

ನಾನು ಅವರ ಮುಂದೆ ಕೂತು ನೆರಿಗೆ ಸರಿ ಮಾಡಿದೆ. ಅಮ್ಮನ ಸೀರೆಯಂಥದ್ದೇ ಒಂದನ್ನು ಹುಡುಕಿಕೊಟ್ಟೆ. ಅವರು ಹೋಗುವಾಗ ಆಕೆ ಎಡಗೈಯಲ್ಲಿ ನನ್ನ ಕೆನ್ನೆ ಮುಟ್ಟಿದರು. ಮೆಟ್ಟಿಲು ಹತ್ತುವಾಗ ನನಗೆ ಹಾಡಬೇಕು ಅನ್ನಿಸುತ್ತಿತ್ತು. ಗೆಳತಿಯ ಮುಖ ಸಣ್ಣಗಾಗಿದ್ದು ಕಂಡು ಇನ್ನಷ್ಟು ಹಿತವಾಯಿತು.

ಮೇಲೆ ಕೂತ ಮೇಲೆ ಅವಳೇ ಬಾಯಿಬಿಟ್ಟಳು. "ಖುಷಿನಾ?"

"ಯಾಕಾಗ್ಬಾರ್ದು?"

"ಆಗು. ಆದ್ರೆ ಒಂದ್ಮಾತು ಹೇಳು. ನನ್ನ ಎರಡು ಸಾಲು ಆ ಫೋನ್ ಹೇಳ್ದೆ ಇದ್ದಿದ್ರೆ ಅವ್ರು ನಿನ್ನ ಪುಟಕ್ಕೆ ಬರ್ತಿದ್ರಾ?"

ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಮೈ ಉರಿಯಿತು.

ಅಷ್ಟರಲ್ಲಿ ಅವಳ ದನಿ ಒಡೆಯಿತು. "ನನ್ನ ಸಾಲನ್ನ ಎಷ್ಟು ಜನ ಕೇಳಿಸ್ಕೊಂಡ್ರೋ ಏನೋ, ಒಬ್ರಾದ್ರೂ ಬರ್ದೋರು ಯಾರು ಅಂತ ಕೇಳ್ಕೊಂಡ್ ಬಂದಿದಾರೇನೇ? ನೀನು ಮೂತಿ ತಿರುಗಿಸ್ಕೊಂಡು ಓಡಾಡ್ತಿದ್ದಾಗ್ಲೂ ನಾನು ದಿನಾ ನಿನ್ನ ಪುಟ ಓದ್ತಿದ್ದೆ. ಹೊಟ್ಟೆ ಉರೀತಿತ್ತು ಕಣೇ ನಂಗೆ."

ಅವಳಿಗೂ ಹೊಟ್ಟೆಯುರಿ ಇತ್ತೆಂದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ನಕ್ಕೆವು, ಅವಳಿಗೆ ಕಣ್ಣಲ್ಲಿ ನೀರೂ ಬಂತು. ಅಂದು ಒಟ್ಟಿಗೆ ಊಟಕ್ಕೆ ಕೂತೆವು. ಅವಳು ತಂದಿದ್ದ ಹುರುಳಿಕಾಳು ಸಾರನ್ನು ನಾನೇ ಹೆಚ್ಚು ತಿಂದೆ.

ಆಮೇಲೆ ಅವಳು ಒಂದು ದೊಡ್ಡ ಪುಟ ಬರೆಯುವುದಾಗಿ ಹೇಳಿದಳು. ಮಗಳು ಮೊದಲ ಸಲ ಸೀರೆ ಉಟ್ಟ ದಿನದ್ದು. ಮನುಷ್ಯರು ಓದುವಂತೆ ಬರೆಯುವುದು ಹೇಗೆಂದು ಕೇಳಿದಳು. ಬಸ್ಸಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹೇಳು, ಅವರ ಮುಖ ನೋಡಿಕೊಂಡು ಹೇಳು ಎಂದೆ. ಅವಳಿಗೆ ಅದು ಬರುವುದಿಲ್ಲ ಎಂಬ ಧೈರ್ಯದಲ್ಲೇ ಹೇಳಿದ್ದೆ.

ಮುಗಿಸಿ ನನಗೆ ಕೊಟ್ಟಳು. ಸೀರೆ ಉಟ್ಟ ಮಗಳು ಹೊಸಿಲು ದಾಟುವಾಗ ಎಡವಿ, ಇವಳ ತೋಳು ಹಿಡಿದುಕೊಂಡು, ಹಿಡಿದ ತಕ್ಷಣ ದೊಡ್ಡವಳಂತೆ ಬಿಟ್ಟುಬಿಟ್ಟಳಂತೆ. ಆ ಜಾಗಕ್ಕೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಹಳೆಯ ಉರಿ ಮತ್ತೆ ಎದ್ದಿತು. ಈ ಸಲ ಫೋನಿನ ನೆಪವೂ ಇರಲಿಲ್ಲ. ಇಂಥ ಒಂದು ಸಾಲು ನನ್ನಿಂದ ಯಾಕೆ ಬರಲಿಲ್ಲ ಎಂದು ಕೂತೇ ಇದ್ದೆ.

"ಹೆಂಗಿದೆಯೇ?" ಅಂದಳು.

"ಚೆನ್ನಾಗಿದೆ."

ಅಷ್ಟು ಹೇಳಲು ನಾನು ತೆಗೆದುಕೊಂಡ ಹೊತ್ತು ನೋಡಿಯೇ, ಅವಳ ಮುಖ ಅರಳಿತು.