ಖಾದರಬಿಯ ಬಾಜು ಜಾಗ

ಬೆಳಗಾವಿಯಿಂದಾಚೆ ಕಾಲಿಡದ ನಾನು, ಜಪಾನಿನ ಕ್ಯೋಟೋ ನಗರದಲ್ಲಿ ಖಾದರಬಿ ಒಂದು ದಿನ ಎಲ್ಲೆಲ್ಲಿ ತಿರುಗಾಡಬೇಕೆಂದು ಬರೆದುಕೊಟ್ಟೆ. ನವಲಗುಂದದ ನೇಕಾರರ ಸಂಘವೊಂದರಲ್ಲಿ ನಾನು ಗುತ್ತಿಗೆಯ ಗುಮಾಸ್ತ. ಕಂಪ್ಯೂಟರಿನ ಮುಂದೆ ಕೂತ ಈ ಹೇಮಂತನಿಗೆ ಎಲ್ಲ ಗೊತ್ತಿರುತ್ತದೆ ಎಂದು ಸಂಘದವರು ನಂಬಿದ್ದಾರೆ. ನನ್ನ ನೌಕರಿ ನಿಂತಿರುವುದೇ ಆ ನಂಬಿಕೆಯ ಮೇಲೆ.

ಖಾದರಬಿ ಚಾಚಿಗೆ ಅರವತ್ತೆರಡು. ಜಮಖಾನಿ ನೇಯುವ ಹೆಂಗಸು. ಅವಳ ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಮುಂದಿನ ಹಲಗೆಯ ಮೇಲೆ ಇಬ್ಬರು ಅಕ್ಕಪಕ್ಕ ಕೂತು ನೇಯಬೇಕು. ಮೂವತ್ತೈದು ವರ್ಷ ಅವಳ ಬಾಜು ಕೂತವಳು ಮೈದುನನ ಹೆಂಡತಿ ರಹೀಮಾಬಿ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಆ ಮನೆಯ ರಿವಾಜಿನಂತೆ ವಿದ್ಯೆ ಸೊಸೆಗೆ ಹೋಗಬೇಕು. ಮಗಳಿಗೆ ಕಲಿಸಿದರೆ ಬೇರೆ ಮನೆ ಸೇರುತ್ತದೆ. ರಹೀಮಾಬಿಗೆ ಮಕ್ಕಳಿರಲಿಲ್ಲ. ಚಾಚಿಗೆ ಇರುವವಳು ಮಗಳು ಅತಿಯಾ ಒಬ್ಬಳೇ. ಮಗ್ಗ ಮುಟ್ಟದೆ ಬೆಳೆದು ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಹೀಗಾಗಿ ಚಾಚಿ ಈಗ ನೇಯುವುದು ನಮಾಜಿನ ಹಾಸು ಮಾತ್ರ. ಒಬ್ಬಳ ಕೈಗೆ ಎಟುಕುವ ಅಗಲ ಅಷ್ಟೇ.

ಕ್ಯೋಟೋದ ನೇಯ್ಗೆ ಪ್ರದರ್ಶನದಿಂದ ಅವಳಿಗೆ ಕರೆ ಬಂದಿತ್ತು. ನಾಲ್ಕು ದಿನ ಮಗ್ಗದ ಕೆಲಸ ತೋರಿಸುವುದು, ಜೊತೆಗೆ ಹಿಂದಿ ಬಲ್ಲ ಹುಡುಗಿಯೊಬ್ಬಳು ಇರುತ್ತಾಳೆ. ಐದನೆಯ ದಿನ ಬಿಡುವು. ಆ ದಿನ ಯಾರೂ ಇಲ್ಲ. ಆ ಒಂದು ದಿನಕ್ಕೆ ಹೆದರಿ ಚಾಚಿ ಐದೂ ದಿನ ಬೇಡವೆಂದಳು. ಶುಕ್ರವಾರದೊಳಗೆ ಉತ್ತರ ಕಳಿಸಬೇಕಿತ್ತು. ಆ ಬಿಡುವಿನ ದಿನವನ್ನು ಹೊಂದಿಸಿಕೊಡು ಎಂದು ಸಂಘದವರು ನನಗೆ ಹೇಳಿದರು.

ಬಮ್ಮಿಗಟ್ಟಿಯ ಲಿಂಗವಂತರ ಹುಡುಗನಾದ ನಾನು ಮೂರು ದಿನ ಹಲಾಲ್ ಊಟದ ಬಗ್ಗೆ ಓದಿದೆ. ಅಲ್ಲಿ ಬರೀ ಕಾಯಿಪಲ್ಲೆಗೂ ಅಕ್ಕಿಯ ಮದ್ಯ ಬೆರೆಸಿರಬಹುದು, ಕೇಳಿಯೇ ತಿನ್ನಬೇಕು ಎಂದು ಕೆಂಪಕ್ಷರದಲ್ಲಿ ಬರೆದೆ. ನಮಾಜಿನ ಕೋಣೆ ಎಲ್ಲಿದೆ ಎಂದು ಗುರುತು ಹಾಕಿದೆ. ಜಪಾನು ಪೂರ್ವಕ್ಕಿದೆಯಲ್ಲ, ದಿಕ್ಕು ಅದಲುಬದಲಾದೀತು ಎಂದು ಹೆದರಿ ಹುಡುಕಿದರೆ, ಅಲ್ಲಿಂದಲೂ ಮಕ್ಕಾ ಪಶ್ಚಿಮಕ್ಕೇ, ಚೂರು ಉತ್ತರಕ್ಕೆ ವಾಲಿ. ಚಾಚಿ ಮನೆಯಲ್ಲಿ ನಿಲ್ಲುವ ಹಾಗೆಯೇ ನಿಲ್ಲಬಹುದು. ಊಟಕ್ಕೆ ಒಬ್ಬೊಬ್ಬರೇ ಕೂರುವ, ಎರಡೂ ಕಡೆ ಹಲಗೆ ಅಡ್ಡವಿರುವ ಅಂಗಡಿ. ಆಮೇಲೆ ತೋಟದ ಮೂಲೆಯ ಬೆಂಚು, ನದಿಯ ದಂಡೆ. ಯಾರೊಡನೆಯೂ ಮಾತಾಡುವ ಪ್ರಸಂಗವೇ ಬರದ ಹಾಗೆ ಇಡೀ ದಿನವನ್ನು ಜೋಡಿಸಿದ್ದೆ. ಇಂಥ ಅಚ್ಚುಕಟ್ಟು ಕೆಲಸ ನಾನು ಸಂಬಳಕ್ಕೂ ಮಾಡಿರಲಿಲ್ಲ.

ಬುಧವಾರ ಹೋಗಿ ಓದಿ ಹೇಳಿದೆ. ಚಾಚಿ ನೂಲು ಬಡಿಯುತ್ತಲೇ ಕೇಳಿದಳು. ಊಟದ ಅಂಗಡಿ ಬಂದಾಗ ಕೈ ನಿಂತಿತು.

"ಎರಡೂ ಬಾಜು ಹಲಗಿ ಯಾಕೋ?"

"ಯಾರೂ ನೋಡಂಗಿಲ್ಲರಿ ಚಾಚಿ. ಸಂಕೋಚ ಇಲ್ಲದ ಉಣ್ಣಬಹುದು."

ನೀನು ಎಲ್ಲಿ ಉಣ್ಣುತ್ತೀ ಎಂದು ಕೇಳಿದಳು. ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ, ಗೋಡೆಯ ಕಡೆಯ ಟೇಬಲ್ಲಿಗೆ, ಎದುರಿಗೆ ಮೊಬೈಲು ಒರಗಿಸಿಕೊಂಡು ಎಂದೆ. ಚಾಚಿ ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟಳು.

"ಇದು ನಿನ್ನ ದಿನಾ ಬರದೀಯೋ ತಮ್ಮಾ. ನಂದಲ್ಲ."

ಅಲ್ಲಿ ನಕ್ಕೆ. ಕೋಣೆಗೆ ನಡೆದು ಬರುವಾಗ ನಗು ಬರಲಿಲ್ಲ.

ಮರುದಿನ ಮತ್ತೆ ಹುಡುಕಿದೆ. ಕ್ಯೋಟೋದಲ್ಲಿ ನೇಯುವವರ ಓಣಿಯೊಂದಿದೆ. ಅಲ್ಲಿನ ಮುದುಕಿಯೊಬ್ಬಳು ಮಗ್ಗದ ಮುಂದೆ ಕೂತ ಫೋಟೋ ಸಿಕ್ಕಿತು. ಸಂಜೆ ತೋರಿಸಿದೆ. ಚಾಚಿ ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಆಕೀನೂ ಒಬ್ಬಾಕೀನ ಕುಂತಾಳ," ಎಂದಳು. "ಆಕಿ ಬಾಜು ಕುಂದರಾಕ ಜಾಗಾ ಐತೇನು, ಕೇಳು."

ಮಾತು ತಿಳಿಯುವುದಿಲ್ಲವಲ್ಲ ಎಂದೆ. ರಹೀಮಾಳ ಜೊತೆ ಕೂತಾಗ ಮಾತಾಡಿದ್ದೇ ಕಡಿಮೆ, ಬಾಜುದವಳ ಕೈ ಕಂಡರೆ ಸಾಕಿತ್ತು ಎಂದಳು.

ಪ್ರದರ್ಶನದವರಿಗೆ ಆಗಲೇ ಬರೆದೆ. ಶುಕ್ರವಾರ ಮಧ್ಯಾಹ್ನ ಉತ್ತರ ಬಂತು: ಜಾಗ ಇದೆ, ಇಡೀ ದಿನ ಕೂರಬಹುದು, ಕರೆತಂದು ಬಿಡುವ ಹೊಣೆಯೂ ಅವರದೇ. ಊಟ, ನಮಾಜು, ದಿಕ್ಕು ಇಷ್ಟನ್ನು ಉಳಿಸಿ, ನನ್ನ ತೋಟ, ಬೆಂಚು, ನದಿ ಎಲ್ಲವನ್ನೂ ಹೊಡೆದುಹಾಕಿದೆ. ಚಾಚಿ ಟ್ರಂಕಿನಿಂದ ಪಾಸ್‌ಪೋರ್ಟ್ ತೆಗೆದುಕೊಟ್ಟಳು. ಉಮ್ರಾಕ್ಕೆ, ಮಕ್ಕಾ ಯಾತ್ರೆಗೆ, ಹೋಗಲೆಂದು ಇಬ್ಬರೂ ಕೂಡಿ ಮಾಡಿಸಿದ್ದು. ಕೆಳಗೆ ರಹೀಮಾಬಿಯದೂ ಇತ್ತು.

ಹೋಗುವಾಗ ಕೋಳಿಗಳಿಗೆ ಕಾಳು ಹಾಕಲೆಂದು ಕೀಲಿ ನನಗೆ ಕೊಟ್ಟಳು. ಐದನೆಯ ದಿನ ಬೆಳಿಗ್ಗೆ ಎಂಟೂವರೆಗೆ ಹೋದೆ. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಕಾಳು ಚೆಲ್ಲಿ ಒಳಗೆ ಬಂದೆ. ಮಗ್ಗದ ಹಲಗೆ ಎರಡು ಕಡೆ ಸವೆದು ನುಣ್ಣಗಾಗಿತ್ತು. ಚಾಚಿಯ ಜಾಗ ಬಿಟ್ಟು ಇನ್ನೊಂದರಲ್ಲಿ ಕೂತೆ. ನೂಲು ಮುಟ್ಟಲಿಲ್ಲ, ಆ ರಿವಾಜು ನನಗೂ ಗೊತ್ತು. ಅರ್ಧ ನೇಯ್ದ ಹಾಸಿನ ಅಂಚು ನೋಡಿದರೆ, ಪಕ್ಕದವರ ಕೈ ಎಲ್ಲಿಯವರೆಗೆ ಬರುತ್ತಿತ್ತೆಂದು ಮಾತ್ರ ಅಲ್ಲಿಂದ ಕಾಣುತ್ತಿತ್ತು.

ಹತ್ತಕ್ಕೆ ಸಂಘದ ಬಾಗಿಲು ತೆರೆಯಬೇಕಿತ್ತು. ಅವತ್ತು ತಡವಾಗಿ ಹೋದೆ.